ಮಣ್ಣಿನ ಗೋಡೆ ಎಲ್ಲಿ ಮುಗಿಯುತ್ತದೆ?

ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕಲ್ಲಿನ ಕೋಟೆಯನ್ನು ಕಣ್ತುಂಬ ನೋಡುತ್ತಾರೆ. ಮೇಲೆ ಅರಮನೆ ಇದ್ದ ಕಡೆ ಉಳಿದಿರುವ ಮಣ್ಣಿನ ಗೋಡೆಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಉತ್ಖನನದ ನಕ್ಷೆ ಬರೆಯುವ ನನಗೆ ಮಾತ್ರ ಅವನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಕಲ್ಲಿನ ಗೋಡೆಗೆ ಅಂಚು ಇರುತ್ತದೆ, ನೋಡಿ ಬರೆದರಾಯಿತು. ಮಣ್ಣಿನ ಗೋಡೆ ಕುಸಿದು ಹೂತುಹೋದರೆ, ನಿಂತ ಮಣ್ಣೂ ಬಿದ್ದ ಮಣ್ಣೂ ಒಂದೇ ಬಣ್ಣ. ಬೆಳಗಿನ ಹೊತ್ತು ಗುಂಡಿಯ ಬದಿಗೆ ಸ್ವಲ್ಪ ನೀರು ಚಿಮುಕಿಸುತ್ತೇವೆ. ಗಟ್ಟಿ ಮಣ್ಣು ಒಂದು ಬಗೆಯಲ್ಲಿ ಆರುತ್ತದೆ, ಸಡಿಲ ಮಣ್ಣು ಇನ್ನೊಂದು ಬಗೆಯಲ್ಲಿ. ಆಮೇಲೆ ಕರಣೆಯಿಂದ ಕೆರೆದು ನೋಡುತ್ತೇವೆ. ಮಡಕೆ ಚೂರುಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡಿದ್ದರೆ ಅದು ಬಹುಶಃ ಬಿದ್ದ ಮಣ್ಣು.

ಇಷ್ಟು ಹಟ ಯಾಕೆ? ಅಗೆದ ಮಣ್ಣನ್ನು ಮತ್ತೆ ಅದೇ ಪದರಗಳಾಗಿ ಜೋಡಿಸಲು ಆಗುವುದಿಲ್ಲ. ಪಾಯಕ್ಕೆಂದು ಹಳೆಯ ಪದರಗಳನ್ನು ಕಡಿದು, ಗೋಡೆ ಎದ್ದ ಮೇಲೆ ಪಕ್ಕದ ಸಂದಿಗೆ ಮಣ್ಣು ತುಂಬಿರುತ್ತಾರೆ ಅಲ್ವಾ? ಆ ಸಂದಿಯಲ್ಲಿ ಒಂದು ನಾಣ್ಯ ಸಿಕ್ಕಿತು ಅಂದುಕೊಳ್ಳಿ. ಸಂದಿಯ ಗೆರೆ ಬರೆಯದೆ ಬಿಟ್ಟರೆ ನಾಣ್ಯ ಪಕ್ಕದ ಹಳೆಯ ಪದರಕ್ಕೆ ಸೇರಿಬಿಡುತ್ತದೆ. ಆ ಪದರದ ಕಾಲವೇ ತಪ್ಪಾಗುತ್ತದೆ. ಹೆಗ್ಗಣದ ಬಿಲವೂ ಇದೇ ಕೆಲಸ ಮಾಡುತ್ತದೆ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದ ಚಂದ್ರವಳ್ಳಿ ಈ ಬೆಟ್ಟದ ಮಗ್ಗುಲಲ್ಲೇ ಇದೆ. ಅದೇ ವರ್ಷ ಅವರು ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅಗೆದರು. ಅಗೆಯುವ ಚೌಕಗಳ ನಡುವೆ ಹೊಲದ ಬದುವಿನಂತೆ ಮಣ್ಣು ಬಿಟ್ಟು, ಅದರ ಮೈಮೇಲೆ ಪದರಗಳನ್ನು ಓದುವುದು ಅವರ ಪದ್ಧತಿ. ನಾವು ಇಂದಿಗೂ ಹಾಗೇ ಮಾಡುತ್ತೇವೆ. ಮೊಳೆ ಹೊಡೆದು, ರಸಮಟ್ಟ ಇಟ್ಟು ದಾರ ಬಿಗಿಯುತ್ತೇವೆ. ದಾರದಿಂದ ಕೆಳಕ್ಕೆ ಟೇಪ್ ಬಿಟ್ಟು ಒಬ್ಬರು ಅಳತೆ ಕೂಗುತ್ತಾರೆ, ಇನ್ನೊಬ್ಬರು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾರೆ. 1:20 ಅಳತೆಯಲ್ಲಿ ನೆಲದ 1 ಮೀಟರ್ ಹಾಳೆಯಲ್ಲಿ 5 ಸೆಂಟಿಮೀಟರ್.

ಫೋಟೊ ಸಾಲದೇ ಎಂದು ಕೇಳುತ್ತಾರೆ. ಫೋಟೊ ಬೇಕೇ ಬೇಕು. ಆದರೆ ಪದರ ಎಲ್ಲಿ ಮುಗಿಯಿತು ಎಂದು ಅದು ಹೇಳುವುದಿಲ್ಲ. ಅದನ್ನು ಪೆನ್ಸಿಲ್ ಹಿಡಿದವರೇ ತೀರ್ಮಾನಿಸಬೇಕು. ಖಚಿತವಿದ್ದರೆ ಪೂರ್ತಿ ಗೆರೆ, ಅನುಮಾನವಿದ್ದರೆ ತುಂಡು ಗೆರೆ. ಸುಮ್ನೆ ಅಂದವಾಗಿ ಕಾಣಲೆಂದು ಪೂರ್ತಿ ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ತುಂಡು ಗೆರೆ ಎಳೆಯುವ ಮೊದಲು ಅಲ್ಲಿ ಅಗೆದವರನ್ನು ಕರೆದು ಕೇಳುತ್ತೇನೆ. "ಇಲ್ಲಿಂದ ಮೆತ್ತಗಾಯ್ತು ಸಾರ್" ಎಂದು ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿ ಇನ್ನೊಮ್ಮೆ ನೀರು ಚಿಮುಕಿಸಿ ನೋಡುತ್ತೇನೆ.