ಆಳೆತ್ತರದ ಒಂದು ಫೋಟೊ

ಕಾರವಾರದಲ್ಲಿ ಕುಳಿತು ಡೇಟಿಂಗ್ ಆ್ಯಪ್‌ನಲ್ಲಿ 50 ಕಿಲೊಮೀಟರ್ ವ್ಯಾಪ್ತಿ ಆಯ್ದುಕೊಂಡರೆ, ಅದು ಎಳೆಯುವ ವೃತ್ತದ ಹೆಚ್ಚುಕಡಿಮೆ ಅರ್ಧ ಅರಬ್ಬಿ ಸಮುದ್ರದೊಳಗಿರುತ್ತದೆ. ಉಳಿದರ್ಧದಲ್ಲಿ ಅಂಕೋಲಾ, ಕೈಗಾದ ಕಾಡು, ಕಾಳಿ ನದಿಯ ಆಚೆಗೆ ಕಾಣಕೋಣದ ಕಡೆಯ ಗೋವಾ. ಶಿರಸಿಯವರ ಪಾಡು ಬೇರೆ. ಆ್ಯಪ್ ದೂರವನ್ನು ನೇರ ಗೆರೆಯಲ್ಲಿ ಅಳೆಯುವುದರಿಂದ ಕುಮಟಾದವರು ಪಕ್ಕದಲ್ಲೇ ಇದ್ದಂತೆ ಕಾಣುತ್ತಾರೆ. ನಡುವೆ ದೇವಿಮನೆ ಘಟ್ಟ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ಡಿಸೆಂಬರಿನಲ್ಲಿ ಗೋಕರ್ಣದ ಸುತ್ತ ಮುಖಗಳೋ ಮುಖಗಳು. ಸೋಮವಾರ ಬೆಳಗಾಗುವಾಗ ಅವೆಲ್ಲ ಬೆಂಗಳೂರು ಸೇರಿರುತ್ತವೆ.

ಭೂಗೋಳದಿಂದ ಆರಂಭಿಸಲು ಕಾರಣವಿದೆ. ಹಲವು ವರ್ಷ ಬಿಟ್ಟು ಆ್ಯಪ್‌ಗೆ ಮರಳಿದ, ಮೈ ದಪ್ಪಗಿರುವ ಒಬ್ಬರು ಸಮಾಲೋಚನೆಗೆ ನನ್ನ ಬಳಿ ಬಂದು ಕುಳಿತರೆ ಅವರ ಮೊದಲ ಮಾತು ಬಹುತೇಕ ಒಂದೇ: ‘ನಾಲ್ಕು ವಾರವಾಯಿತು, ಒಪ್ಪಿದ್ದು ಮೂರೇ ಜನ. ನಾನು ಹೀಗಿರುವುದಕ್ಕೇ ಅಲ್ಲವೇ?’ ಅದೂ ಒಂದು ಕಾರಣ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೊದಲು ಸಮುದ್ರವನ್ನೂ ಘಟ್ಟವನ್ನೂ ಕಳೆಯಿರಿ, ಉಳಿದದ್ದನ್ನು ಮಾತ್ರ ದೇಹದ ಲೆಕ್ಕಕ್ಕೆ ಬರೆಯಿರಿ ಎನ್ನುತ್ತೇನೆ.

ಕಾರವಾರದ ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 38. ಬೆಂಗಳೂರಿನಲ್ಲಿದ್ದಾಗ, 2016ರಲ್ಲಿ, ಟಿಂಡರ್ ಬಳಸಿದ್ದರು. ಆಮೇಲೆ ಒಂದು ಮದುವೆ, ಒಂದು ವಿಚ್ಛೇದನ, ಥೈರಾಯ್ಡ್ ಮಾತ್ರೆ, 22 ಕಿಲೊ. ಮತ್ತೆ ಯಾರನ್ನಾದರೂ ಭೇಟಿಯಾಗಬೇಕು ಎನ್ನಿಸಿದೆ ಎಂದು ಬಂದಾಗ ನಾನು ಕೊಟ್ಟ ಸಲಹೆ ಹೀಗಿತ್ತು: ‘ಮೊದಲು ನಿಮಗೆ ನಿಮ್ಮ ಮೇಲೆ ಭರವಸೆ ಬರಲಿ, ಅವಸರ ಬೇಡ.’ ಕೇಳಲು ಹಿತವಾದ ಮಾತು, ಆದರೆ ಶುದ್ಧ ತಪ್ಪು. ಅವರು ಅದನ್ನು ‘ಮೊದಲು ಹತ್ತು ಕಿಲೊ ಇಳಿಯಲಿ’ ಎಂದು ಅರ್ಥ ಮಾಡಿಕೊಂಡರು. ಹಾಗೆ ಅರ್ಥ ಮಾಡಿಕೊಳ್ಳಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಒಂದೂವರೆ ವರ್ಷ ಹೋಯಿತು. ಅಳುಕು ಕೆಲಸ ಮಾಡುವ ಬಗೆಯೇ ಅದು: ಹೋಗಬೇಕಾದ ಕಡೆಗೆ ಹೋಗದೆ ಉಳಿದಾಗಲೆಲ್ಲ ಒಂದು ನಿರಾಳ ಸಿಗುತ್ತದೆ, ಆ ನಿರಾಳವೇ ‘ಹೋಗದಿದ್ದದ್ದು ಒಳ್ಳೆಯದಾಯಿತು’ ಎಂದು ಪಾಠ ಹೇಳುತ್ತದೆ, ಮುಂದಿನ ಸಲ ಹೊಸ್ತಿಲು ಇನ್ನಷ್ಟು ಎತ್ತರವಾಗಿರುತ್ತದೆ. ಭರವಸೆ ಮೊದಲು ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಎರಡು ಮೂರು ಸಪ್ಪೆ ಭೇಟಿಗಳ ಹಿಂದೆ ಮೆಲ್ಲಗೆ ಬರುತ್ತದೆ. ಇದು ಪುಸ್ತಕದಲ್ಲಿ ಓದಿ ನನಗೆ ಗೊತ್ತಿತ್ತು. ಆದರೂ ಹಾಗೆ ಹೇಳಿದೆ.

ಎರಡನೆಯ ಸಲ ಬಂದಾಗ ಅವರ ಪ್ರೊಫೈಲ್ ತೆರೆದು ನೋಡಿದೆವು. ಐದು ಫೋಟೊಗಳಿದ್ದವು. ಮೇಲಿನಿಂದ ಕೆಳಕ್ಕೆ ತೆಗೆದ ಮುಖ. ಗುಂಪಿನ ಹಿಂದಿನ ಸಾಲು. ಕಪ್ಪು ಕುರ್ತಾ, ಪಕ್ಕದಲ್ಲಿ ಕಂಬ. ಕನ್ನಡಕ ಹಾಕಿದ ಅರ್ಧ ಮುಖ. ಕೊನೆಯದು 2016ರದ್ದೇ. ಕತ್ತಿನಿಂದ ಕೆಳಗೆ ಆಕೆ ಎಲ್ಲೂ ಇರಲಿಲ್ಲ.

ಹೀಗೆ ಮುಚ್ಚಿಡುವುದು ಸುಳ್ಳು ಎಂಬ ಕಾರಣಕ್ಕೆ ನಾನು ಆಕ್ಷೇಪಿಸುವುದಿಲ್ಲ. ಆ್ಯಪ್‌ನಲ್ಲಿ ಎಲ್ಲರೂ ಒಂದಿಷ್ಟು ತಿದ್ದಿ ತೀಡಿಯೇ ಇರುತ್ತಾರೆ. ನನ್ನ ಆಕ್ಷೇಪ ಅದರಿಂದಾಗುವ ನಷ್ಟದ ಬಗ್ಗೆ. ಮೊದಲನೆಯದಾಗಿ, ದೂರದಲ್ಲೆಲ್ಲೋ ಒಬ್ಬರ ಹೆಬ್ಬೆರಳಿನಲ್ಲಿ ಮುಗಿದುಹೋಗಬೇಕಾದ ನಿರಾಕರಣೆ ಹೋಟೆಲಿನ ಮೇಜಿನವರೆಗೆ ಬರುತ್ತದೆ. ಎದುರಿಗಿರುವವರ ಕಣ್ಣಿನಲ್ಲಿ ಅದನ್ನು ಓದಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಯಾರಾದರೂ ನಿಜವಾಗಿಯೂ ಮೆಚ್ಚಿದರೆ ಆ ಮೆಚ್ಚುಗೆ ನಿಮ್ಮ ಕೈಗೆ ಹತ್ತುವುದಿಲ್ಲ. ‘ಅವನು ಒಪ್ಪಿದ್ದು ಆ ಫೋಟೊವನ್ನು, ನನ್ನನ್ನಲ್ಲ’ ಎಂದು ಮನಸ್ಸು ತಕ್ಷಣ ಅದನ್ನು ತಳ್ಳಿಹಾಕುತ್ತದೆ. ಹಾಗಾಗಿ ನೂರು ಜನ ಒಪ್ಪಿದರೂ ಒಳಗಿನ ಹಸಿವು ಹಾಗೆಯೇ ಉಳಿಯುತ್ತದೆ.

ತಂಗಿಯ ಕೈಯಲ್ಲಿ, ಬೆಳಗಿನ ಬೆಳಕಿನಲ್ಲಿ, ತಲೆಯಿಂದ ಪಾದದವರೆಗೆ ಒಂದು ಫೋಟೊ ತೆಗೆಸಿ ಎರಡನೆಯ ಸ್ಥಾನದಲ್ಲಿ ಹಾಕಿದರು. ಹೊಸಬರು ಬರುವುದು ಅರ್ಧಕ್ಕಿಂತ ಕಡಿಮೆಯಾಯಿತು. ‘ನೋಡಿದಿರಾ ಮೇಡಂ!’ ಎಂದು ಸಿಟ್ಟಿನಿಂದಲೇ ಬಂದರು. ಉಳಿದವರೆಲ್ಲ ನೋಡಿಯೇ ಉಳಿದವರು ಎಂದಷ್ಟೇ ಹೇಳಿದೆ. ಆ ಮಾತು ಅಂದು ರುಚಿಸಲಿಲ್ಲ.

ತೂಕವನ್ನು ಬರೆಯಬೇಕೆ ಎಂದು ಕೇಳುವವರಿದ್ದಾರೆ. ಬೇಡ. ಎತ್ತರಕ್ಕೆ ತೂಕವನ್ನು ಹೋಲಿಸಿ ಅಳೆಯುವ ಬಿಎಂಐ ಸಂಖ್ಯೆಯನ್ನು ಜಾತಕದಂತೆ ಹಿಡಿದುಕೊಂಡು ಬರುವವರೂ ಇದ್ದಾರೆ. ಆ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟಲೆ ವೈದ್ಯನಲ್ಲ, ಸಂಖ್ಯಾಶಾಸ್ತ್ರಜ್ಞ. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ವೈದ್ಯರ ಬಳಿ ಅದಕ್ಕೆ ಕೆಲಸವಿದೆ, ಪ್ರೊಫೈಲ್‌ನಲ್ಲಿ ಇಲ್ಲ. ಹಾಗೆಯೇ ‘ದಪ್ಪಗಿದ್ದೇನೆ, ಇಷ್ಟವಿಲ್ಲದವರು ಮುಂದೆ ಹೋಗಿ’ ಎಂದು ಬರೆಯುವುದು ‘ಇಂದು ನಗದು, ನಾಳೆ ಸಾಲ’ ಎಂದು ಅಂಗಡಿಯಲ್ಲಿ ತೂಗುಹಾಕಿದ ಫಲಕದಂತೆ ಕೇಳಿಸುತ್ತದೆ. ಆ ಎರಡು ಸಾಲಿನ ಜಾಗದಲ್ಲಿ ಭಾನುವಾರ ಏನು ಮಾಡುತ್ತೀರಿ ಎಂದು ಬರೆಯಿರಿ.

ಈ ಮುಜುಗರ ಆ್ಯಪ್‌ನಲ್ಲಿ ಹುಟ್ಟಿದ್ದಲ್ಲ. ನಮ್ಮ ಕಡೆಯ ಮದುವೆಯ ಪಂಕ್ತಿಯಲ್ಲಿ ‘ತಂಗಿ, ಇನ್ನೊಂದು ಹೋಳಿಗೆ ಹಾಕಿಸಿಕೋ’ ಎಂದು ಒತ್ತಾಯ ಮಾಡಿದ ಅತ್ತೆಯೇ ಕೈ ತೊಳೆಯುವ ಜಾಗದಲ್ಲಿ ‘ಸ್ವಲ್ಪ ಇಳಿಸಿಕೊಳ್ಳಬಾರದೇ?’ ಎನ್ನುತ್ತಾಳೆ. ಎರಡೂ ಪ್ರೀತಿಯ ಮಾತೇ ಎಂದು ಅವಳ ನಂಬಿಕೆ.

ಇನ್ನು ಬಂದವರನ್ನು ಸೋಸುವ ಬಗ್ಗೆ. ಮೊದಲ ಸಂದೇಶದಲ್ಲೇ ‘ನನಗೆ ದಪ್ಪಗಿರುವವರೇ ಇಷ್ಟ’ ಎನ್ನುವವರಿರುತ್ತಾರೆ. ಒಂದು ವಾರ ಕಾಯಿರಿ. ಮಾತು ನಿಮ್ಮ ಕೆಲಸ, ನಿಮ್ಮ ಊರು, ನಿಮ್ಮ ಜಗಳಗಳ ಕಡೆಗೆ ಹೊರಳದೆ ದೇಹದಲ್ಲೇ ಸುತ್ತುತ್ತಿದ್ದರೆ ಅವರಿಗೆ ಬೇಕಿರುವುದು ನೀವಲ್ಲ. ಬೇಗನೆ ವಿಡಿಯೊ ಕರೆಗೆ ಕರೆದು ಬಟ್ಟೆಯ ಮಾತು ತೆಗೆಯುವವರು ಬಹುಪಾಲು ಹಣ ಕೀಳುವವರು. ಒಂಟಿತನವನ್ನು ಅವರು ಚೆನ್ನಾಗಿ ಓದಬಲ್ಲರು. ಸಿಕ್ಕಿಬಿದ್ದರೆ ನಾಚದೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮಾತ್ರ ಕಳಿಸಬೇಡಿ, ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ.

ಹೆಚ್ಚು ಕಷ್ಟದವರು ಮೂರನೆಯ ಬಗೆಯವರು: ತಿಂಗಳುಗಟ್ಟಲೆ ಚೆನ್ನಾಗಿ ಮಾತನಾಡುತ್ತಾರೆ, ಆದರೆ ಭೇಟಿ ಎಂದರೆ ಕತ್ತಲಾದ ಮೇಲೆ, ಕಾರಿನೊಳಗೆ. ನಮ್ಮಂಥ ಸಣ್ಣ ಊರಿನಲ್ಲಿ ಇದಕ್ಕೆ ಎರಡು ಅರ್ಥಗಳಿವೆ. ಟ್ಯಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ನಿಂತರೆ ಪರಿಚಯದವರು ಒಬ್ಬರಾದರೂ ಸಿಗುವ ಊರಿದು. ನೆಂಟರ ಭಯ ಸಹಜ. ಇಲ್ಲವೇ, ನಿಮ್ಮ ಪಕ್ಕದಲ್ಲಿ ಕಾಣಿಸಿಕೊಳ್ಳಲು ಅವರಿಗೆ ನಾಚಿಕೆ. ಯಾವುದೆಂದು ತಿಳಿಯಲು ನಾನು ಹೇಳುವ ಉಪಾಯ: ಹಾಡಹಗಲಿನಲ್ಲಿ ಹುಬ್ಬಳ್ಳಿಯಲ್ಲಿ ಭೇಟಿಯಾಗೋಣ ಎನ್ನಿ. ಅಲ್ಲಿ ನೆಂಟರಿಲ್ಲ. ನೆಂಟರಿಗೆ ಹೆದರುವವರು ಬಸ್ ಹತ್ತುತ್ತಾರೆ. ಕಾರವಾರದ ಈ ಮಹಿಳೆಗೆ ಮೂರು ತಿಂಗಳು ಬರೆಯುತ್ತಿದ್ದವರಿಗೆ ಹುಬ್ಬಳ್ಳಿ ಎಂದಕೂಡಲೇ ಸೊಂಟನೋವು ಬಂತು, ಆಮೇಲೆ ಆಡಿಟ್ ಬಂತು. ಆಕೆ ಅಳುತ್ತಾ ಬಂದರು. ಆದರೆ ಒಂದು ವರ್ಷದ ಬದಲು ಮೂರೇ ತಿಂಗಳಿಗೆ ಮುಗಿದಿತ್ತು.

ಗಂಡಸರ ಕಥೆ ಸ್ವಲ್ಪ ಬೇರೆ, ಚಿಕ್ಕದಾಗಿ ಹೇಳುತ್ತೇನೆ. ಶಿರಸಿ ಹತ್ತಿರದ ಅಡಿಕೆ ತೋಟದವರೊಬ್ಬರು, 41, ತಮ್ಮ ಹೊಟ್ಟೆಯನ್ನು ತಾವೇ ಗೇಲಿ ಮಾಡಿಕೊಂಡು ಮಾತು ಆರಂಭಿಸುತ್ತಿದ್ದರು. ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಡುವ ಹಳೆಯ ರಕ್ಷಣೆ. ಎದುರಿನವರಿಗೆ ನಗುವುದೋ ಸಮಾಧಾನ ಹೇಳುವುದೋ ತಿಳಿಯುವುದಿಲ್ಲ. ಒಬ್ಬಾಕೆ ಯಾಣಕ್ಕೆ ಹೋಗೋಣ ಎಂದಾಗ ಇವರು ಹ್ಞೂಂ ಎಂದುಬಿಟ್ಟರು. ಮೆಟ್ಟಿಲುಗಳ ಮೇಲೆ ಉಸಿರು ಹಿಡಿಯುವುದರಲ್ಲೇ ಭೇಟಿ ಮುಗಿಯಿತು, ಆಕೆಯ ಮುಖ ಸರಿಯಾಗಿ ನೆನಪಿಲ್ಲ ಎಂದರು.

ಆದ್ದರಿಂದ ಜಾಗವನ್ನು ನೀವೇ ಆರಿಸಿ. ಇದು ಸಣ್ಣ ವಿಷಯವೆಂದು ತೆಳ್ಳಗಿರುವವರು ತಿಳಿಯುತ್ತಾರೆ. ಮೇಜಿಗೂ ಬೆಂಚಿಗೂ ಕಬ್ಬಿಣ ಬಿಗಿದು ಅಲ್ಲಾಡಿಸಲಾಗದ ಹೋಟೆಲುಗಳು, ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳು, ಮಧ್ಯಾಹ್ನದ ಮರಳಿನಲ್ಲಿ ನಡಿಗೆ: ಇವುಗಳಲ್ಲಿ ಕುಳಿತೋ ನಡೆದೋ ಇರುವಾಗ ಅರ್ಧ ಗಮನ ದೇಹದ ಮೇಲೇ ಇರುತ್ತದೆ, ಎದುರಿಗಿರುವವರ ಮಾತಿಗೆ ಉಳಿದರ್ಧ ಮಾತ್ರ. ಕಾರವಾರದ ಮಹಿಳೆ ಈಚೆಗೆ ಮಡಗಾಂವ್‌ನಿಂದ ಬರುವ ಒಬ್ಬರನ್ನು ಭೇಟಿಯಾಗುವುದಕ್ಕೆ ಮುಂಚೆ ಹೋಟೆಲಿಗೆ ಫೋನ್ ಮಾಡಿ, ಕೈಯಿಲ್ಲದ ಅಗಲದ ಕುರ್ಚಿಗಳಿವೆಯೇ ಎಂದು ಕೇಳಿದರಂತೆ. ಇವೆ ಮೇಡಂ, ಎಷ್ಟು ಜನ, ಹುಟ್ಟುಹಬ್ಬವೇ ಎಂದನಂತೆ ಅತ್ತಲಿನವನು. ‘ಇಬ್ಬರೇ’ ಎಂದು ಹೇಳಿ, ಕಿಟಕಿಯ ಪಕ್ಕದ ಮೇಜನ್ನು ಕಾಯ್ದಿರಿಸಿದರಂತೆ.