ಥರ್ಮೋಸ್ಟಾಟ್ ತೆಗೆಸಿದರೆ ಎಂಜಿನ್ ತಣ್ಣಗಿರುತ್ತಾ?

ಪ್ರಶ್ನೆ: ಕಾರು ಪದೇ ಪದೇ ಹೀಟ್ ಆಗುತ್ತಿದೆ. ‘ಥರ್ಮೋಸ್ಟಾಟ್ ತೆಗೆದುಬಿಡೋಣ, ಆಮೇಲೆ ತಲೆನೋವೇ ಇರಲ್ಲ’ ಅಂತಾರೆ ಮೆಕ್ಯಾನಿಕ್. ತೆಗೆಸಲಾ?

ಬೇಡ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ‘ನಮ್ಮ ಭಾವ ತೆಗೆಸಿದ್ದಾರೆ, ಏನೂ ಆಗಿಲ್ವಲ್ಲ’ ಅಂತ ಮರುಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಥರ್ಮೋಸ್ಟಾಟ್ ಅಂದರೆ ಒಂದು ಪುಟ್ಟ ಬಾಗಿಲು. ಒಳಗೆ ಮೇಣ ತುಂಬಿದ ಚಿಕ್ಕ ಲೋಹದ ಡಬ್ಬಿ, ಒಂದು ಸ್ಪ್ರಿಂಗ್, ಒಂದು ಬಿಲ್ಲೆ. ಎಂಜಿನ್ ತಣ್ಣಗಿದ್ದಾಗ ಬಾಗಿಲು ಮುಚ್ಚಿರುತ್ತದೆ, ಕೂಲಂಟ್, ಅಂದರೆ ಎಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವ, ಎಂಜಿನ್ನಿನೊಳಗೇ ಸುತ್ತುತ್ತದೆ. ಬಿಸಿ ಏರಿದಾಗ ಮೇಣ ಕರಗಿ ಉಬ್ಬುತ್ತದೆ, ಬಿಲ್ಲೆಯನ್ನು ತಳ್ಳುತ್ತದೆ, ಕೂಲಂಟ್ ಗಾಳಿಗೆ ತಣ್ಣಗಾಗಲು ರೇಡಿಯೇಟರ್ ಕಡೆ ಹೊರಡುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯಲು ಶುರುವಾಗುತ್ತದೆ.

ಈಗ ಯೋಚಿಸಿ. ನಿಮ್ಮ ಎಂಜಿನ್ ಹೀಟ್ ಆಗುವ ಹೊತ್ತಿಗೆ, ಸರಿಯಾಗಿರುವ ಥರ್ಮೋಸ್ಟಾಟ್ ಆಗಲೇ ಪೂರ್ತಿ ತೆರೆದಿರುತ್ತದೆ. ತೆರೆದ ಬಾಗಿಲನ್ನು ಕಿತ್ತು ಹಾಕಿದರೆ ಗಾಳಿ ಜಾಸ್ತಿ ಬರುತ್ತಾ? ಬಾಗಿಲು ಮುಚ್ಚಿದಲ್ಲೇ ಸಿಕ್ಕಿಕೊಂಡಿದ್ದರೆ ಅದು ಬೇರೆ ಮಾತು. ಆಗಲೂ ಹೊಸದು ಹಾಕಿಸಬೇಕು, ಜಾಗ ಖಾಲಿ ಬಿಡಬಾರದು.

ಖಾಲಿ ಬಿಟ್ಟರೆ ಏನಾಗುತ್ತದೆ? ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲ್‌ಗೆ ಸೇರಿದ ತೇವ ಆವಿಯಾಗಿ ಹೋಗುವಷ್ಟು ಬಿಸಿ ಆಗುವುದಿಲ್ಲ, ಆಯಿಲ್ ಕೆಸರಾಗುತ್ತದೆ. ಸವೆತ ಜಾಸ್ತಿ. ಭಾವನ ಕಾರಿಗೆ ‘ಏನೂ ಆಗಿಲ್ಲ’ ಅಂದರೆ ಇದೆಲ್ಲ ಮೀಟರಿನಲ್ಲಿ ಕಾಣುವುದಿಲ್ಲ ಅಂತ ಅರ್ಥ.

ತಮಾಷೆ ಇನ್ನೂ ಇದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ತಳದಲ್ಲಿ ಎರಡನೇ ಬಿಲ್ಲೆ ಇರುತ್ತದೆ. ಮೇಲಿನ ಬಾಗಿಲು ತೆರೆದಾಗ ಅದು ಕೆಳಗಿನ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತರೆ ಆ ದಾರಿ ಸದಾ ತೆರೆದೇ ಇರುತ್ತದೆ. ಒಂದಷ್ಟು ಕೂಲಂಟ್ ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್! ತಣ್ಣಗಾಗಲಿ ಅಂತ ತೆಗೆಸಿದ್ದು, ಇನ್ನಷ್ಟು ಹೀಟ್.

‘ತೆಗೆದರೆ ನೀರು ಬೇಗ ಬೇಗ ಹರಿದು ತಣ್ಣಗಾಗಲು ಟೈಮ್ ಸಿಗಲ್ಲ’ ಅಂತ ನನ್ನ ಪರ ವಾದಿಸುವವರೂ ಇದ್ದಾರೆ. ನಿಮ್ಮ ಬೆಂಬಲಕ್ಕೆ ಥ್ಯಾಂಕ್ಸ್, ಆದರೆ ಕಾರಣ ತಪ್ಪು. ಬೇಗ ಹೋದ ನೀರು ಬೇಗ ವಾಪಸೂ ಬರುತ್ತದೆ ಅಲ್ವಾ?

ಅನುಮಾನ ಇದ್ದರೆ ಪರೀಕ್ಷೆ ಸುಲಭ. ಬಿಚ್ಚಿದ ಥರ್ಮೋಸ್ಟಾಟನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಒಂದು ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಅಂತ ಕೊರೆದಿದ್ದರೆ 82ರ ಆಸುಪಾಸಿನಲ್ಲಿ ಬಿಲ್ಲೆ ಕೂದಲೆಳೆಯಷ್ಟು ಏಳುತ್ತದೆ, ಕುದಿಯುವ ಹೊತ್ತಿಗೆ ಬಾಯಿ ಪೂರ್ತಿ ತೆರೆದಿರುತ್ತದೆ. ನೀರು ಕುದಿದರೂ ಅಲುಗಾಡದಿದ್ದರೆ ಕಸದ ಬುಟ್ಟಿಗೆ.

ಹಾಗಾದರೆ ಹೀಟ್ ಆಗುವುದು ಯಾಕೆ? ಯಾವಾಗ ಹೀಟ್ ಆಗುತ್ತದೆ ಅನ್ನುವುದನ್ನು ಮೊದಲು ನೋಡಿ. ಟ್ರಾಫಿಕ್ಕಿನಲ್ಲಿ ಮಾತ್ರ ಅಂದರೆ ಫ್ಯಾನ್, ಅದರ ಫ್ಯೂಸ್, ರಿಲೇ ನೋಡಿಸಿ. ವೇಗವಾಗಿ ಹೋಗುವಾಗ ಮಾತ್ರ ಅಂದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸೋತಿರಬಹುದು. ಕೂಲಂಟ್ ಕಮ್ಮಿಯಾಗುತ್ತಲೇ ಇದ್ದರೆ ಸೋರಿಕೆ ಹುಡುಕಿ. ಹೊರಗೆಲ್ಲೂ ಸೋರದೆ ಕಮ್ಮಿಯಾಗುತ್ತಿದ್ದು, ರಿಸರ್ವಾಯರ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಮೇಲೆ ಅನುಮಾನ ಪಡಿ. ರೇಡಿಯೇಟರ್ ಮುಚ್ಚಳವನ್ನೂ ಮರೆಯಬೇಡಿ. ಅದು ಒತ್ತಡ ಹಿಡಿದಿಡುವುದರಿಂದಲೇ ಬರೀ ನೀರು ಕೂಡ 120 ಡಿಗ್ರಿ ಹತ್ತಿರದವರೆಗೆ ಕುದಿಯದೆ ಇರಬಲ್ಲದು. ಬಿಸಿ ಎಂಜಿನ್ನಿನಲ್ಲಿ ಅದನ್ನು ತೆಗೆದರೆ ಮುಖಕ್ಕೇ ಸಿಡಿಯುತ್ತದೆ. ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಯಾರೂ ಕೇಳಲಿಲ್ಲ, ಆದರೂ ಮೀಟರಿನ ಮುಳ್ಳಿನ ವಿಷಯ ಹೇಳಿಬಿಡುತ್ತೇನೆ. ‘ಮುಳ್ಳು ಯಾವಾಗಲೂ ನಡುವೆಯೇ ಇತ್ತು, ಇದ್ದಕ್ಕಿದ್ದಂತೆ ಹೀಟ್ ಆಯ್ತು’ ಅಂತಾರೆ. ಇದ್ದಕ್ಕಿದ್ದಂತೆ ಆಗಿದ್ದಲ್ಲ. ಮುಳ್ಳು ಅಲುಗಾಡಿದರೆ ಜನ ಗಾಬರಿಯಾಗುತ್ತಾರೆ ಅಂತ ಎಷ್ಟೋ ಕಾರುಗಳಲ್ಲಿ 85 ಡಿಗ್ರಿಗೂ ನಡುವೆ, 100ಕ್ಕೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅಷ್ಟರೊಳಗೆ ಏರಿದ್ದು ಇಳಿದದ್ದು ನಿಮಗೆ ತಿಳಿಯುವುದೇ ಇಲ್ಲ. ಅಸಲಿ ಅಂಕಿ ಬೇಕಿದ್ದರೆ ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಒಂದು ಓಬಿಡಿ ಸ್ಕ್ಯಾನರ್ ಚುಚ್ಚಿ ನೋಡಿ.

ಇನ್ನೂ ಕೆಟ್ಟದ್ದು ಮುಳ್ಳು ತಟ್ಟನೆ ಕೆಳಗೆ ಬೀಳುವುದು. ‘ಅಬ್ಬಾ, ತಣ್ಣಗಾಯ್ತು’ ಅಂತ ಗಾಡಿ ಓಡಿಸುತ್ತಲೇ ಇರುತ್ತಾರೆ. ಕೂಲಂಟ್ ಎಲ್ಲ ಹರಿದುಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿದ್ದರೂ ಹಾಗೇ ಆಗುತ್ತದೆ. ಹೀಟ್ ಆಗುತ್ತಿದ್ದ ಕಾರಿನ ಮುಳ್ಳು ಹಾಗೆ ಬಿದ್ದು, ಕೂಲಂಟ್ ಬಿಸಿಯಿಂದಲೇ ನಡೆಯುವ ಹೀಟರ್ ಹಾಕಿದಾಗ ತಣ್ಣನೆ ಗಾಳಿ ಬಂದರೆ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.