ಬೆಂಕಿಗೆ ಜಗ್ಗದ, ಗಾಳಿಗೆ ಸೋಲುವ ನಿಯೋಬಿಯಂ

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಗಳಲ್ಲಿ ಕತ್ತಿ, ಗುದ್ದಲಿಗಳನ್ನು ಹದ ಮಾಡಿಸಲು ಕಮ್ಮಾರಸಾಲೆಗೆ ಒಯ್ಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಕುಲುಮೆಯ ಇದ್ದಿಲಿಗೆ ಗಾಳಿ ಊದಿದಂತೆಲ್ಲ ಕಬ್ಬಿಣ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತದೆ. ಕಮ್ಮಾರರು ಆ ಬಣ್ಣ ನೋಡಿಯೇ ಕಾವಿನ ಅಂದಾಜು ಹಿಡಿಯುತ್ತಾರೆ. ಅದೇ ಬೆಂಕಿಯಲ್ಲಿ ನಿಯೋಬಿಯಂ ಎಂಬ ಲೋಹದ ಒಂದು ತುಂಡನ್ನು ಇಟ್ಟರೆ ಏನಾದೀತು? ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಸಾಕು, ನಿಯೋಬಿಯಂಗೆ 2477 ಡಿಗ್ರಿ ಬೇಕು. ಹಾಗಾಗಿ ಅದು ಕರಗುವ ಮಾತೇ ಇಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅದರ ಮೈಮೇಲೆ ಬಿಳಿಯ ಪುಡಿ ಏಳತೊಡಗುತ್ತದೆ, ಪದರಪದರವಾಗಿ ಉದುರುತ್ತದೆ, ಹಾಗೇ ಬಿಟ್ಟರೆ ಲೋಹವೆಲ್ಲ ಬೂದಿಯಂತಹ ಆಕ್ಸೈಡ್ ಆಗಿಹೋಗುತ್ತದೆ.

ನಿಯೋಬಿಯಂ, ಮಾಲಿಬ್ಡಿನಂ, ಟ್ಯಾಂಟಲಂ, ಟಂಗ್‌ಸ್ಟನ್, ರೀನಿಯಂ ಎಂಬ ಐದನ್ನು ಶಾಖಸಹ ಲೋಹಗಳೆಂದು ಒಟ್ಟಿಗೆ ಹೆಸರಿಸುತ್ತಾರೆ. ಮೇಲಿನ ಕಾರಣಕ್ಕೆ ಈ ಬಿರುದು ಅರ್ಧ ಸತ್ಯವೆಂದೇ ನನ್ನ ಅನಿಸಿಕೆ. ಈ ಐದರಲ್ಲಿ ಎಲ್ಲಕ್ಕಿಂತ ಕಡಿಮೆ ಕಾವಿಗೆ ಕರಗುವುದು ನಿಯೋಬಿಯಂ. ಟಂಗ್‌ಸ್ಟನ್ 3422 ಡಿಗ್ರಿಯವರೆಗೆ ತಾಳುತ್ತದೆ. ಹಾಗಿದ್ದೂ ಎಂಜಿನಿಯರುಗಳು ಹಲವೆಡೆ ನಿಯೋಬಿಯಂನ್ನೇ ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಒಂದು, ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 8.57 ಗ್ರಾಂ ಮಾತ್ರ, ಅಂದರೆ ಕಬ್ಬಿಣಕ್ಕಿಂತ ತುಸುವೇ ಹೆಚ್ಚು, ಟ್ಯಾಂಟಲಂನ ಸುಮಾರು ಅರ್ಧ. ಇನ್ನೊಂದು, ಟಂಗ್‌ಸ್ಟನ್ ತಣ್ಣಗಿರುವಾಗ ಬಾಗಿಸಹೋದರೆ ಮುರಿಯುತ್ತದೆ. ಶುದ್ಧ ನಿಯೋಬಿಯಂ ಮಾತ್ರ ಕಾಯಿಸದೆಯೇ ತೆಳುವಾದ ಹಾಳೆಯಾಗಿ ಬಡಿಸಿಕೊಳ್ಳುವಷ್ಟು ಮೆತು.

ಆದರೆ ಈ ಮೆತುತನ ಉಳಿಯಬೇಕಾದರೆ ಅದನ್ನು ಗಾಳಿಯಿಂದ ದೂರವಿಡಬೇಕು. ಸುಮಾರು 400 ಡಿಗ್ರಿ ದಾಟಿದೊಡನೆ ನಿಯೋಬಿಯಂ ಆಮ್ಲಜನಕವನ್ನು ಹೀರತೊಡಗುತ್ತದೆ. ಹೀರಿದ್ದು ಮೇಲ್ಮೈಯಲ್ಲೇ ನಿಲ್ಲದೆ ಒಳಕ್ಕೂ ಇಳಿದು ಲೋಹವನ್ನು ಪೆಡಸಾಗಿಸುತ್ತದೆ. ಆದ್ದರಿಂದ ಅದನ್ನು ನಿರ್ವಾತ ಕುಲುಮೆಯಲ್ಲಿ ಎಲೆಕ್ಟ್ರಾನ್ ಕಿರಣ ಹಾಯಿಸಿ ಕರಗಿಸುತ್ತಾರೆ. ಬೆಸುಗೆ ಹಾಕುವಾಗಲೂ ನಿರ್ವಾತವೋ ಆರ್ಗಾನ್ ಅನಿಲದ ರಕ್ಷಣೆಯೋ ಬೇಕೇ ಬೇಕು. ಗಾಳಿಯೇ ಇಲ್ಲದ ಬಾಹ್ಯಾಕಾಶ ಈ ಲೋಹಕ್ಕೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಶೇಕಡ 10ರಷ್ಟು ಹಾಫ್ನಿಯಂ, 1ರಷ್ಟು ಟೈಟಾನಿಯಂ ಬೆರೆಸಿದ ಸಿ-103 ಎಂಬ ಮಿಶ್ರಲೋಹದಿಂದ ರಾಕೆಟ್ ಎಂಜಿನ್ನಿನ ನಾಝಲ್, ಅಂದರೆ ಉರಿದ ಅನಿಲ ಹೊರಚಿಮ್ಮುವ ಕೊಳವೆಬಾಯಿ, ಮಾಡುತ್ತಾರೆ. ಉರಿದ ಅನಿಲದಲ್ಲಿಯೂ ಆಮ್ಲಜನಕದ ಕಾಟ ಇದ್ದೇ ಇರುವುದರಿಂದ ಅದರ ಮೇಲೆ ಸಿಲಿಸೈಡ್ ಎಂಬ ಸಿಲಿಕಾನ್ ಸಂಯುಕ್ತದ ಲೇಪನ ಕೊಡುತ್ತಾರೆ. ಆ ಲೇಪನದಲ್ಲಿ ಬಿರುಕು ಬಿಟ್ಟರೆ ಒಳಗಿನ ಲೋಹದ ಪಾಡು ಕುಲುಮೆಯಲ್ಲಿಟ್ಟ ತುಂಡಿನದೇ.

ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಜೋಡಿ ಎಂಜಿನ್‌ಗಳಲ್ಲಿಯೂ ಇಂತಹ ನಾಝಲ್‌ಗಳೇ ಇವೆ. ಅವುಗಳ ಬದಲಿಗೆ ಹಗುರವಾದ ಇಂಗಾಲದ ಸಂಯೋಜಿತ ವಸ್ತುವನ್ನು (ಕಾಂಪೊಸಿಟ್) ಬಳಸುವ ಪ್ರಯತ್ನದ ಬಗ್ಗೆ 2024ರ ಏಪ್ರಿಲ್‌ನಲ್ಲಿ ಇಸ್ರೋ ಹೊರಡಿಸಿದ ಪ್ರಕಟಣೆಯಲ್ಲಿ ನಿಯೋಬಿಯಂ ಎಂಬ ಹೆಸರೇ ಇರಲಿಲ್ಲ, ಕೊಲಂಬಿಯಂ ಎಂದಿತ್ತು. ಇದು ತಪ್ಪಲ್ಲ, ಹಳೆಯ ಹೆಸರು. 1801ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾಚೆಟ್ ಅಮೆರಿಕದಿಂದ ಬಂದಿದ್ದ ಖನಿಜವೊಂದರಲ್ಲಿ ಇದನ್ನು ಗುರುತಿಸಿ ಕೊಲಂಬಿಯಂ ಎಂದು ಕರೆದರು. 1809ರಲ್ಲಿ ವಿಲಿಯಂ ವೊಲಾಸ್ಟನ್ ಇದೂ ಟ್ಯಾಂಟಲಂ ಕೂಡ ಒಂದೇ ಎಂದು ತಪ್ಪು ತೀರ್ಮಾನ ಕೊಟ್ಟರು. 1844ರಲ್ಲಿ ಜರ್ಮನಿಯ ಹೈನ್‌ರಿಕ್ ರೋಸ್ ಎರಡೂ ಬೇರೆಯೆಂದು ಕಂಡು, ಗ್ರೀಕ್ ಪುರಾಣದ ಟ್ಯಾಂಟಲಸನ ಮಗಳು ನಯೋಬಿಯ ಹೆಸರನ್ನು ಇಟ್ಟರು. ಲೋಹೋದ್ಯಮದವರು ಹಳೆಯ ಹೆಸರನ್ನು ಇಂದಿಗೂ ಪೂರ್ತಿ ಬಿಟ್ಟಿಲ್ಲ.

ರಾಕೆಟ್ಟಿನ ಸುದ್ದಿ ಆಕರ್ಷಕವಾದರೂ ಅಲ್ಲಿ ಖರ್ಚಾಗುವ ನಿಯೋಬಿಯಂ ಅತ್ಯಲ್ಪ. ಜಗತ್ತಿನ ನಿಯೋಬಿಯಂನ ಬಹುಪಾಲು ಬ್ರೆಜಿಲ್‌ನಿಂದ, ಮುಖ್ಯವಾಗಿ ಅಲ್ಲಿನ ಅರಾಶಾ ಎಂಬ ಊರಿನ ಗಣಿಯಿಂದ ಬಂದು, ಉಕ್ಕಿನ ಕಾರ್ಖಾನೆಗಳನ್ನು ಸೇರುತ್ತದೆ. ಅಲ್ಲಿ ಅದರ ಆಮ್ಲಜನಕದ ಹಸಿವಿನಂಥದೇ ಇನ್ನೊಂದು ಹಸಿವು, ಅಂದರೆ ಇಂಗಾಲ ಮತ್ತು ಸಾರಜನಕದ ಹಸಿವು, ಗುಣವಾಗಿ ಪರಿಣಮಿಸುತ್ತದೆ. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸತೊಡಗಿದ ಭದ್ರಾವತಿ ಕಾರ್ಖಾನೆಯ ಆ ಕಾಲದಲ್ಲಿ, ಉಕ್ಕು ಗಟ್ಟಿಯಾಗಬೇಕಾದರೆ ಇಂಗಾಲ ಹೆಚ್ಚಿಸುವುದೇ ಎಲ್ಲರಿಗೂ ತಿಳಿದ ದಾರಿಯಾಗಿತ್ತು. ಹಾಗೆ ಮಾಡಿದ ಉಕ್ಕು ಗಟ್ಟಿಯೇನೋ ಆಗುತ್ತದೆ, ಆದರೆ ಪೆಡಸು. ಬೆಸುಗೆಗೂ ಸುಲಭವಾಗಿ ಒಗ್ಗುವುದಿಲ್ಲ. ಟನ್ನಿಗೆ 300 ಗ್ರಾಂನಷ್ಟು, ಅಂದರೆ ಶೇಕಡ 0.03ರಷ್ಟು ನಿಯೋಬಿಯಂ ಹಾಕಿದರೆ ಈ ಬಿಕ್ಕಟ್ಟು ಬಹುಮಟ್ಟಿಗೆ ಬಗೆಹರಿಯುತ್ತದೆ.

ಅದು ಹೇಗೆಂದು ಬಿಡಿಸಿ ಹೇಳಬೇಕು. ಉಕ್ಕು ಎಂದರೆ ಬರಿಗಣ್ಣಿಗೆ ಕಾಣದ ಹರಳುಕಣಗಳ ರಾಶಿ. ಕಾದ ಉಕ್ಕನ್ನು ರೋಲರುಗಳ ನಡುವೆ ಹಾಯಿಸಿದಾಗ ಕಣಗಳು ನಜ್ಜಾಗಿ ಹೊಸ ಕಣಗಳು ಹುಟ್ಟುತ್ತವೆ, ದೊಡ್ಡವು ಪಕ್ಕದ ಸಣ್ಣವನ್ನು ನುಂಗಿ ಬೆಳೆಯುತ್ತವೆ. ಮಲೆನಾಡಿನವರಿಗೆ ಒತ್ತುವರಿ ಎಂದರೆ ಬೇರೆ ವಿವರಣೆ ಬೇಡವಷ್ಟೆ. ಸುಮಾರು 1200 ಡಿಗ್ರಿಯಲ್ಲಿ ಉಕ್ಕಿನೊಳಗೆ ಕರಗಿಹೋಗಿದ್ದ ನಿಯೋಬಿಯಂ, ಕಾವು ಇಳಿಯುತ್ತ ಬಂದಂತೆ ಇಂಗಾಲ, ಸಾರಜನಕಗಳೊಡನೆ ಕೂಡಿ ಅತಿ ಸೂಕ್ಷ್ಮ ಕಣಗಳಾಗಿ ಹೊರಬಿದ್ದು, ಕಣಕಣದ ಗಡಿಯಲ್ಲಿ ಗಡಿಕಲ್ಲಿನಂತೆ ನೆಲೆಯೂರುತ್ತದೆ. ಗಡಿ ಸರಿಯಲಾರದೆ ಕಣಗಳು ಸಣ್ಣವಾಗಿಯೇ ಉಳಿಯುತ್ತವೆ, ಸಣ್ಣ ಕಣಗಳ ಉಕ್ಕು ಗಟ್ಟಿಯೂ ತಾಳಿಕೆಯದೂ ಆಗಿರುತ್ತದೆ. ಅನಿಲ ಸಾಗಿಸುವ ದೊಡ್ಡ ಕೊಳವೆಗಳನ್ನೂ ಕಾರಿನ ಚೌಕಟ್ಟುಗಳನ್ನೂ ಈಗ ತೆಳುವಾದ ತಗಡಿನಿಂದ ಮಾಡಬಹುದಾಗಿರುವುದು ಇದರಿಂದಲೇ.

ಕಡುಚಳಿಯಲ್ಲಿಯೂ ಈ ಲೋಹಕ್ಕೆ ಕೆಲಸವಿದೆ. ಸಾಗರದಿಂದಲೋ ಸೊರಬದಿಂದಲೋ ಎಂಆರ್‌ಐ ಮಾಡಿಸಲು ಶಿವಮೊಗ್ಗೆಗೆ ಬಂದವರು ಮಲಗುವ ಯಂತ್ರದಲ್ಲಿ ಅತಿವಾಹಕ ಆಯಸ್ಕಾಂತವಿದ್ದರೆ, ಅದರ ಸುರುಳಿ ಸಾಮಾನ್ಯವಾಗಿ ನಿಯೋಬಿಯಂ-ಟೈಟಾನಿಯಂ ತಂತಿಯದು. ದ್ರವ ಹೀಲಿಯಂನಲ್ಲಿ, ಮೈನಸ್ 269 ಡಿಗ್ರಿಯಲ್ಲಿ, ಅದು ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಘಟ್ಟದ ಕಾಡಿನ ನಡುವೆ, ಕಾಳಿ ನದಿಯ ದಡದ ಕೈಗಾದಲ್ಲಿದೆ. ಅಲ್ಲಿನ ಅಣುಸ್ಥಾವರದ ರಿಯಾಕ್ಟರುಗಳಲ್ಲಿ ಇಂಧನವನ್ನೂ ಬಿಸಿ ಭಾರಜಲವನ್ನೂ (ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು) ಹಿಡಿದಿಡುವ ಒತ್ತಡದ ಕೊಳವೆಗಳು ಜಿರ್ಕೋನಿಯಂಗೆ ಶೇಕಡ 2.5ರಷ್ಟು ನಿಯೋಬಿಯಂ ಬೆರೆಸಿ ಮಾಡಿದವು. ಅಲ್ಲಿ ಬೇಕಾದದ್ದು ಅಣುಕ್ರಿಯೆಯನ್ನು ಮುಂದುವರಿಸುವ ನ್ಯೂಟ್ರಾನುಗಳನ್ನು ಹೆಚ್ಚು ನುಂಗದ, ಹೈಡ್ರೋಜನ್ ಸೇರಿ ಬೇಗ ಪೆಡಸಾಗದ, ವರ್ಷಗಟ್ಟಲೆ ಒತ್ತಡದಲ್ಲಿ ಜಗ್ಗಿಹೋಗದ ಲೋಹ. ಟ್ಯಾಂಟಲಂ ಆಗಿದ್ದರೆ ನ್ಯೂಟ್ರಾನುಗಳನ್ನು ಹಲವು ಪಟ್ಟು ಹೆಚ್ಚು ಹೀರುತ್ತಿತ್ತು. ಆ ಕೊಳವೆಗಳೊಳಗಿನ ಕಾವು ಮಾತ್ರ 300 ಡಿಗ್ರಿಯ ಆಸುಪಾಸು, ಅಂದರೆ ಕುಲುಮೆಯಲ್ಲಿಟ್ಟ ಕತ್ತಿಯ ಅಲಗು ಕೆಂಪಾಗುವುದಕ್ಕೆ ಬಹಳ ಮೊದಲು, ಇನ್ನೂ ನೀಲಿಗಟ್ಟುತ್ತಿರುವಾಗಿನ ಕಾವು.